ಸಪ್ತಾಹಕ್ಕೆಂದು ಬಿಟ್ಟ ಗುಳಿಗೆ

ಎಪ್ಪತ್ತರ ದಶಕದ ಆ ಸಪ್ತಾಹದ ಊಟವನ್ನು ಹೊಗಳುವವರು ನನಗೆ ಈಗಲೂ ಸಿಗುತ್ತಾರೆ. ಕೇಳಿದರೆ ಮೈಯೆಲ್ಲ ಉರಿಯುತ್ತದೆ.

ನನ್ನ ಗಂಡ ವಡಾಲದ ಹೋಟೆಲೊಂದರಲ್ಲಿ ಅಡುಗೆ ಭಟ್ಟರು. ಕುರ್ಲಾ ಸ್ಟೇಷನ್ನಿನ ಸೇತುವೆ ಹತ್ತುವಾಗ ಅವರಿಗೆ ಎದೆ ಹಿಡಿದುಕೊಳ್ಳುತ್ತಿತ್ತು. ನಾವು ಬಾಡಿಗೆಗಿದ್ದ ಚಾಳಿನ ಹತ್ತಿರದ ಡಾಕ್ಟರು ಒಂದು ಸಣ್ಣ ಗುಳಿಗೆ ಕೊಟ್ಟರು. ಬೀಟಾ ಬ್ಲಾಕರ್ ಅಂತೆ, ಆಗ ಅದು ಹೊಸತು. ಹೃದಯದ ಓಟವನ್ನು ಅದು ತಡೆಯುತ್ತದೆ, ನಿಧಾನ ಬಡಿದರೆ ಹೃದಯಕ್ಕೆ ದುಡಿಮೆ ಕಡಿಮೆ, ನೋವೂ ಕಡಿಮೆ ಎಂದು ವಿವರಿಸಿದರು. ಉಬ್ಬಸ ಇದೆಯೇ ಎಂದು ಮತ್ತೆ ಮತ್ತೆ ಕೇಳಿದರು. ಇದ್ದವರಿಗೆ ಅದು ಆಗಿಬರುವುದಿಲ್ಲವಂತೆ. ಕೈಕಾಲು ತಣ್ಣಗಾಗಬಹುದು, ತಲೆ ತಿರುಗಿದರೆ ಬಂದು ತೋರಿಸಿ, ಹುಷಾರಾಯಿತೆಂದು ನೀವಾಗಿಯೇ ಮಾತ್ರ ಬಿಡಬೇಡಿ ಎಂದರು. ಗುಳಿಗೆ ಕೆಲಸ ಮಾಡಿತು. ಇವರು ಮೊದಲಿನಂತೆ ಸರಸರ ಸೇತುವೆ ಹತ್ತತೊಡಗಿದರು.

ಅಷ್ಟರಲ್ಲಿ ನಮ್ಮ ಸಮಾಜದವರ ಭಜನಾ ಸಪ್ತಾಹ ಬಂತು. ವಾರವಿಡೀ ಅಲ್ಲೇ ಇದ್ದು ಮಡಿಯಲ್ಲಿ ಅಡುಗೆ ಮಾಡಬೇಕು. ಇವರೇ ಮುಖ್ಯ ಭಟ್ಟರು. ಯಾರ್ಯಾರೋ ಮುಟ್ಟಿದ ಗುಳಿಗೆಯನ್ನು ಮಡಿಯಲ್ಲಿ ಬಾಯಿಗೆ ಹಾಕುವುದಿಲ್ಲವೆಂದು ಹಟ ಹಿಡಿದರು. ಬೇಡಿಕೊಂಡೆ, ಜಗಳವಾಡಿದೆ, ಅವರ ಚೀಲಕ್ಕೆ ತುರುಕಿದೆ. ತೆಗೆದು ಗೋಡೆಯ ಗೂಡಿನಲ್ಲಿಟ್ಟರು.

"ಎದೆನೋವು ಬಂದು ಎಷ್ಟು ಸಮಯ ಆಯ್ತು ಮಾರಾಯ್ತಿ? ದೇವರ ಕೆಲಸ ಮುಗಿಸಿ ಬಂದು ತಗೊಳ್ತೇನೆ."

"ನೋವು ಬಾರದೆ ಇರುದು ಆ ಗುಳಿಗೆಯಿಂದ," ಎಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ.

ಸಪ್ತಾಹ ಅರ್ಧ ಮುಗಿಯುವ ಹೊತ್ತಿಗೆ ಒಲೆಯೆದುರು ಕುಸಿದರಂತೆ. ಆಸ್ಪತ್ರೆಗೆ ಓಡಿದೆ. ಅವರ ಬರಿಯೆದೆ ಹಾರುತ್ತಿದ್ದುದು ಬಾಗಿಲಿನಿಂದಲೇ ಕಾಣುತ್ತಿತ್ತು. ಗುಳಿಗೆ ಬಿಟ್ಟ ವಿಷಯ ಹೇಳಿದಾಗ ಅಲ್ಲಿನ ಡಾಕ್ಟರು ಹಿಂದಿಯಲ್ಲಿ ನನ್ನನ್ನೇ ಬೈದರು. ಹಿಡಿದಿಟ್ಟ ಹೃದಯವನ್ನು ಒಮ್ಮೆಲೇ ಬಿಟ್ಟರೆ ಮೊದಲಿಗಿಂತ ಜೋರಾಗಿ ಓಡುತ್ತದೆ, ನಿಲ್ಲಿಸಲೇಬೇಕಾದರೂ ಡಾಕ್ಟರನ್ನು ಕೇಳಿ ಸ್ವಲ್ಪಸ್ವಲ್ಪವೇ ಕಡಿಮೆ ಮಾಡಬೇಕಿತ್ತು ಎಂದರು. ಬಿಡಬೇಡಿ ಎಂದು ನಾನೂ ಬಡಕೊಂಡಿದ್ದೆ. ಆ ಡಾಕ್ಟರ ಕಾಲು ಹಿಡಿದೆ. ಹೇಗಾದರೂ ಉಳಿಸಿಕೊಡಿ ಎಂದು ಅತ್ತೆ. ಸಂಜೆಯೊಳಗೆ ಇವರು ಹೋದರು.

ಸಪ್ತಾಹ ನಡೆಸಿದ ಹಿರಿಯರು ಮಾತಾಡಿಸಲು ಬಂದರು. ಅಳಬಾರದು ಎಂದರು.

"ಮಡಿಯಲ್ಲಿ, ದೇವರ ಒಲೆಯೆದುರೇ ಬಿದ್ದರಲ್ಲ ಅಮ್ಮ. ಎಂಥ ಪುಣ್ಯವಂತರು."

"ಆ ಪುಣ್ಯ ನಿಮಗೇ ಇರಲಿ," ಎಂದೆ. "ನನಗೆ ಮೈಲಿಗೆಯ ಗಂಡನೇ ಸಾಕಿತ್ತು."