ನಾಲ್ಕನೇ ಸೀಟಿನವಳ ತಾಡಾಸನ

ಮೂವರು ಕೂರಬೇಕಾದ ಬೆಂಚಿನಲ್ಲಿ ನಾಲ್ವರು ಕೂರುವುದು ನಮ್ಮ ಲೋಕಲ್ ಟ್ರೇನಿನ ಅಲಿಖಿತ ಸಂವಿಧಾನ. ಅದನ್ನು ಪ್ರಶ್ನಿಸುವವರನ್ನು ಡೊಂಬಿವಲಿಯಲ್ಲಿ ಯಾರೂ ಬೈಯುವುದಿಲ್ಲ, ಪಾಪ, ಊರಿಗೆ ಹೊಸಬರಿರಬೇಕು ಎಂದು ಕನಿಕರದಿಂದ ನೋಡುತ್ತಾರೆ. ಆ ನಾಲ್ಕನೇ ಸೀಟಿನ ಸುಖ ಕಾಣದ ಓದುಗರಿಗಾಗಿ ಹೇಳುವುದಾದರೆ, ಅಲ್ಲಿ ಕೂರುವುದೆಂದರೆ ಅರ್ಧ ಕೂರುವುದು: ಒಂದು ಪೃಷ್ಠ ಹಲಗೆಯ ಮೇಲೆ, ಇನ್ನೊಂದು ಅಂತರಿಕ್ಷದಲ್ಲಿ, ಉಳಿದ ಭಾರವೆಲ್ಲ ನಡುದಾರಿಗೆ ಚಾಚಿದ ಬಲಗಾಲಿನ ಮೇಲೆ. ವಾಗ್ಳೆ ಎಸ್ಟೇಟಿನಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯೊಂದರ ಆಫೀಸಿಗೆ ಸೇರಿದಂದಿನಿಂದ ನಾನು ಡೊಂಬಿವಲಿಯಿಂದ ಥಾಣೆಯವರೆಗೆ ಈ ತ್ರಿಶಂಕು ಸ್ಥಿತಿಯಲ್ಲೇ ಪ್ರಯಾಣ ಮಾಡಿದವಳು. ಇದರಿಂದ ನನಗೆ ಏನೋ ಆಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾದದ್ದು ಬಾಲಿ ದ್ವೀಪದಲ್ಲಿ.

ನಾನು ಬಾಲಿಗೆ ಹೋದದ್ದು ಯೋಗ ಕಲಿಯಲು ಎಂದರೆ ನೀವು ನಗುತ್ತೀರಿ. ನಗಿ, ನಮ್ಮ ಮನೆಯವರೂ ನಕ್ಕಿದ್ದಾರೆ. ನಮ್ಮ ಅತ್ತೆಯವರಂತೂ ಕುಂದಾಪುರದಿಂದ ಬರುವಾಗ ತಂದ ಗಾದೆಗಳ ಗಂಟನ್ನು ಬಿಚ್ಚಿ, "ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ" ಎಂದು ಒಗ್ಗರಣೆಯ ಸೌಟು ಆಡಿಸಿದರು. ಯಜಮಾನರು, "ಅಲ್ಲ ಮಾರಾಯ್ತಿ, ನಾಳೆ ಇಡ್ಲಿ ಹೊಯ್ಯಲು ಕಲಿಯಲಿಕ್ಕೆ ಜರ್ಮನಿಗೆ ಹೋಗ್ತಿಯೋ ಏನೋ" ಎಂದರು. ಅವರ ನೌಪಾಡಾದ ಹೋಟೆಲಿನಲ್ಲಿ ಕಾಫಿಗೆ ಬಂದ ಪರಿಚಿತರಿಗೆಲ್ಲ ಈ ವಿನೋದ ಕೆಲವು ಕಾಲ ಸಕ್ಕರೆಯ ಜೊತೆ ಉಚಿತವಾಗಿ ಸಿಕ್ಕಿತು.

ಆದರೆ ನನಗೆ ಅದು ವಿನೋದವಾಗಿರಲಿಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಹಾಲಿನಲ್ಲಿ ಭಾನುವಾರ ಬೆಳಿಗ್ಗೆ ಹೆಂಗಸರಿಗೆ ಯೋಗ ಹೇಳಿಕೊಡುತ್ತಿದ್ದವರು ಕಮಲಕ್ಕ. ಸೊಂಟನೋವು, ಮಂಡಿನೋವು, ಸೊಸೆನೋವು ಎಂದು ಬಂದವರನ್ನೆಲ್ಲ ಚಾಪೆಯ ಮೇಲೆ ಮಲಗಿಸಿ, ಏಳುವ ಹೊತ್ತಿಗೆ ಮೂರನೆಯದನ್ನಾದರೂ ಮರೆಸುತ್ತಿದ್ದರು. ಅವರು ಮಗನ ಜೊತೆಗಿರಲು ಮೈಸೂರಿಗೆ ಹೊರಟಾಗ, "ಇನ್ನು ನೀನೇ ನಡೆಸು" ಎಂದು ನನ್ನ ಕೈ ಹಿಡಿದು ಹೇಳಿದರು. ಸೊಸೈಟಿಯ ಸೆಕ್ರೆಟರಿ ಕುಲಕರ್ಣಿ ಸಾಹೇಬರು ಮಾತ್ರ, ಸರ್ಟಿಫಿಕೇಟ್ ಇಲ್ಲದವರಿಗೆ ಹಾಲ್ ಕೊಡಲಾಗದು, ನಾಳೆ ಯಾರದ್ದಾದರೂ ಕುತ್ತಿಗೆ ಉಳುಕಿದರೆ ಕಮಿಟಿಯೇ ಹೊಣೆ ಎಂದರು. ಊರಿನ ಕೋರ್ಸುಗಳೆಲ್ಲ ತಿಂಗಳುಗಟ್ಟಲೆ ಎಳೆಯುವಂಥವು. ಆಫೀಸಿನಲ್ಲಿ ನನಗೆ ಒಟ್ಟಿಗೆ ಸಿಗುವುದು ಒಂದೇ ತಿಂಗಳ ರಜೆ. ಬಾಲಿಯಲ್ಲಿ ನನ್ನ ತಂಗಿ ವಿನಯಾ ಇದ್ದಳು, ಅವಳ ಗಂಡ ಸುರೇಶ ಅಲ್ಲಿನ ಹೋಟೆಲೊಂದರಲ್ಲಿ ಅಡುಗೆಯ ಮುಖ್ಯಸ್ಥ, ಅವರ ಮನೆಯ ಹಿಂದಿನ ಓಣಿಯಲ್ಲೇ ಒಂದು ತಿಂಗಳಲ್ಲಿ ಶಿಕ್ಷಕಿಯನ್ನಾಗಿ ಮಾಡಿ ಕಳಿಸುವ ಯೋಗಶಾಲೆ. ಮದುವೆ, ಬಾಣಂತನ, ನಾದಿನಿಯ ಮದುವೆ ಎಂದು ಇತರರಿಗಾಗಿ ರಜೆ ಹಾಕಿ ಹಾಕಿ ಸಾಕಾಗಿತ್ತು. ಈ ಒಂದು ತಿಂಗಳು ನನ್ನದು ಎಂದು ನಿಶ್ಚಯಿಸಿದೆ. ಕೂತಲ್ಲಿ ಸರಿದು ಕೊಡುವ ಹೆಂಗಸಾದರೂ ಒಳಗೆ ನಾನು ಮಹಾ ಹಟದವಳು.

ಯೋಗಶಾಲೆಯ ಗುರು ಇಂಗ್ರಿಡ್ ಎಂಬ ಡಚ್ ಮಹಿಳೆ, ಅರುವತ್ತು ದಾಟಿದವರು, ತೆಂಗಿನ ಕಡ್ಡಿಯ ಹಿಡಿಸೂಡಿಯ ಹಾಗೆ ನೆಟ್ಟಗೆ, ತೆಳ್ಳಗೆ. ಸಹಪಾಠಿಗಳು ನಾನಾ ದೇಶದ ನಾರಿಯರು; ಭಾರತದವಳು ನಾನೊಬ್ಬಳೇ ಎಂದು ತಿಳಿದಾಗ ಅವರ ಕಣ್ಣಿನಲ್ಲಿ ಮೂಡಿದ ಭಕ್ತಿಯನ್ನು ಕಂಡು ನನಗೆ ನಿಜಕ್ಕೂ ಗಾಬರಿಯಾಯಿತು. ಹಿಮಾಲಯದ ಗುಹೆಯಿಂದ ನೇರ ಇಳಿದು ಬಂದವಳೆಂದು ಭಾವಿಸಿದರೋ ಏನೋ, ಪಶ್ಚಿಮೋತ್ತಾನಾಸನ ಮಾಡುವಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆ ಪದವನ್ನು ನಾಲಿಗೆ ತೊಡರದೆ ಉಚ್ಚರಿಸುವುದು ನನಗೆ ಸುಲಭ, ಆದರೆ ನನ್ನ ಕೈಬೆರಳಿಗೂ ಕಾಲ್ಬೆರಳಿಗೂ ಅಂದಿನವರೆಗೆ ಭೇಟಿಯೇ ಆಗಿರಲಿಲ್ಲ. ಪಕ್ಕದ ಜರ್ಮನ್ ಹೆಂಗಸು ಉಚ್ಚಾರದಲ್ಲಿ ಮುಗ್ಗರಿಸಿದರೂ ಹಣೆಯನ್ನು ಮಂಡಿಗೆ ಒತ್ತಿ ಹಾಯಾಗಿ ಮಲಗಿಬಿಡುತ್ತಿದ್ದಳು. ಅವಳಿಗೆ ಆಸನ, ನನಗೆ ಬರೀ ವ್ಯಾಕರಣ.

ಮೊದಲ ದಿನವೇ ತಾಡಾಸನದಲ್ಲಿ, ಅಂದರೆ ಸುಮ್ಮನೆ ನೆಟ್ಟಗೆ ನಿಲ್ಲುವ ಆಸನದಲ್ಲಿ, ಇಂಗ್ರಿಡ್ ನನ್ನ ಮುಂದೆ ಬಂದು ತಲೆ ವಾಲಿಸಿ ನೋಡಿದರು. ನಿಲ್ಲುವುದರಲ್ಲೂ ತಪ್ಪು ಹಿಡಿಯುವವರಿದ್ದಾರೆಯೇ ಎಂದು ನಾನು ಅಂದುಕೊಳ್ಳುತ್ತಿರುವಾಗಲೇ, ನಿನ್ನ ಸೊಂಟ ಒಂದು ಬದಿಗೆ ವಾಲಿದೆ, ಭಾರವೆಲ್ಲ ಬಲಗಾಲಿನ ಮೇಲಿದೆ, ಬಿದ್ದು ಪೆಟ್ಟಾಗಿತ್ತೇ ಎಂದು ಕೇಳಿದರು. ಬಿದ್ದದ್ದಲ್ಲ, ಬೀಳದಂತೆ ಕೂತದ್ದು ಎಂದು ನಾಲ್ಕನೇ ಸೀಟಿನ ಪುರಾಣವನ್ನು ನನ್ನ ಡೊಂಬಿವಲಿ ಇಂಗ್ಲಿಷಿನಲ್ಲಿ ವಿವರಿಸಿದೆ. ಇಂಗ್ರಿಡ್ ನಗಲಿಲ್ಲ. ಚಾಪೆಯ ಕಡೆ ಬೆರಳು ತೋರಿಸಿದರು. ಬಗ್ಗಿ ನೋಡಿದರೆ ನಾನು ಚಾಪೆಯ ಬಲ ಅಂಚಿನಲ್ಲಿ ನಿಂತಿದ್ದೆ. ಉಳಿದ ಮುಕ್ಕಾಲು ಚಾಪೆ ಇನ್ನೂ ಮೂವರು ಬರುವವರಿದ್ದಾರೆ ಎಂಬಂತೆ ಖಾಲಿ ಇತ್ತು. ಎಲ್ಲರೊಂದಿಗೆ ನಾನೂ ನಕ್ಕೆ, ನಗುತ್ತಲೇ ಒಳಗೆಲ್ಲೋ ಚುರ್ ಎಂದಿತು.

ವಾರಗಳು ಉರುಳಿದಂತೆ ಮೈ ಕೊಂಚ ಬಾಗಿತು, ಬೆರಳುಗಳ ಭೇಟಿಯೂ ಆಯಿತು. ಕಷ್ಟ ಬಂದದ್ದು ಪಾಠದ ಪರೀಕ್ಷೆಯಲ್ಲಿ. ಪ್ರತಿಯೊಬ್ಬಳೂ ಉಳಿದವರಿಗೆ ಒಂದು ತಾಸು ಪಾಠ ಮಾಡಬೇಕು, ಇಂಗ್ರಿಡ್ ಮೂಲೆಯಲ್ಲಿ ಕೂತು ನೋಡುತ್ತಾರೆ. ಅದಕ್ಕಿದ್ದ ಮಂಟಪವೋ, ಹುಲ್ಲಿನ ಮಾಡು, ಸುತ್ತ ಗದ್ದೆ, ನಮ್ಮ ಸೊಸೈಟಿಯ ಎರಡು ಮದುವೆ ಏಕಕಾಲಕ್ಕೆ ನಡೆಯಬಹುದಾದಷ್ಟು ವಿಶಾಲ. ಅಂಥ ಜಾಗದಲ್ಲಿ ನಾನು ಮಾಡಿದ್ದೇನು ಗೊತ್ತೇ? ಬೇಗ ಹೋಗಿ ಎಲ್ಲರ ಚಾಪೆಗಳನ್ನೂ ಅಂಚಿಗೆ ಅಂಚು ಒತ್ತಿ, ಒಂದೇ ಬದಿಯಲ್ಲಿ ಹಾಸಿಟ್ಟೆ. ಯಾರು ಹೇಳಿದ್ದರು? ಯಾರೂ ಇಲ್ಲ. ಖಾಲಿ ಜಾಗ ಕಂಡರೆ ಅದು ಇನ್ಯಾರದ್ದೋ ಇರಬೇಕು ಎಂದು ನಂಬಿದ ಊರಿನವಳು ನಾನು. ವೀರಭದ್ರಾಸನಕ್ಕೆ ಎರಡೂ ಕೈ ಚಾಚಿ ಎಂದದ್ದೇ ತಡ, ಜರ್ಮನ್ ಹಸ್ತ ಕೊರಿಯಾದ ಹುಡುಗಿಯ ಮೂಗಿಗೆ ಬಡಿಯಿತು, ಆಕೆ ಹಿಂದೆ ಸರಿದು ಇನ್ನೊಬ್ಬಳ ಕಾಲು ತುಳಿದಳು. ಆ ವೀರರಸವೆಲ್ಲ ಕ್ಷಣದಲ್ಲಿ ಹಾಸ್ಯರಸವಾಯಿತು. ನಾನೋ ಒಂದು ಕಂಬದ ಮರೆಯಲ್ಲಿ ನಿಂತು, ಸಾರಿ, ಸಾಧ್ಯವಾದರೆ ಮಾಡಿ, ಆಗದಿದ್ದರೆ ಬಿಡಿ, ಸಾರಿ ಎನ್ನುತ್ತಿದ್ದೆ.

ಮುಗಿದ ಮೇಲೆ ಇಂಗ್ರಿಡ್ ಕರೆದು ಕೂರಿಸಿಕೊಂಡರು. "ನೀನು ಪಾಠ ಮಾಡಲಿಲ್ಲ, ಒಂದು ತಾಸು ಕ್ಷಮೆ ಕೇಳಿದೆ" ಎಂದರು, ಮೆಲ್ಲಗೆ. ಕೊನೆಯ ದಿನ ಇನ್ನೊಂದು ಅವಕಾಶ ಕೊಡುವುದಾಗಿಯೂ, ಅಂದು ಸಹ ಹೀಗೆಯೇ ಆದರೆ ಸರ್ಟಿಫಿಕೇಟ್ ಇಲ್ಲವೆಂದೂ ಹೇಳಿದರು. ತಂಗಿಯ ಮನೆಗೆ ಬಂದು ಅಡುಗೆಕಟ್ಟೆಗೆ ಒರಗಿ ಅತ್ತುಬಿಟ್ಟೆ. ಬರಿಗೈಯಲ್ಲಿ ಹೋದರೆ ಯಜಮಾನರ ಹೋಟೆಲಿನ ನಗು, ಅತ್ತೆಯವರ ಗಾದೆ ಹೇಗೂ ಸಹಿಸಬಹುದು; ಭಾನುವಾರ ಬಂದರೆ ಹೋಗಲು ಜಾಗವಿಲ್ಲದೆ ಮನೆಯಲ್ಲೇ ಕೂತಿರುವ ಆ ಹೆಂಗಸರಿಗೆ ಏನು ಹೇಳುವುದು? ಅದಕ್ಕಿಂತ ಹೆಚ್ಚಾಗಿ, ನನಗಾಗಿ ನಾನು ಕೇಳಿದ ಒಂದೇ ಒಂದು ವಸ್ತು ಕೈತಪ್ಪುತ್ತದಲ್ಲ ಎಂದು ಸಂಕಟವಾಯಿತು.

ವಿನಯಾ ಸಮಾಧಾನ ಹೇಳುವ ಪೈಕಿಯವಳಲ್ಲ. ತೆಂಗಿನಕಾಯಿ ತುರಿಯುತ್ತಲೇ, "ನಾಟಕ ಸಾಕು ಅಕ್ಕ. ಆ ವರ್ಷ ನಾನು ಡೊಂಬಿವಲಿಗೆ ಬಂದಿದ್ದಾಗ ಟ್ರೇನಿನಲ್ಲಿ ಬೆಂಚಿನ ತುಂಬ ಕಾಲು ಬಿಟ್ಟು ಕೂತಿದ್ದ ಮೂವರನ್ನು ಒಂದೇ ಮಾತಿಗೆ ಸರಿಸಿದ್ದು ಯಾರು? ನಿನ್ನ ಭೂತವಾ?" ಎಂದು ಕೇಳಿದಳು.

ಅಳು ಅರ್ಧಕ್ಕೆ ನಿಂತಿತು. ಹೌದಲ್ಲ! ನಾಲ್ಕನೇ ಸೀಟನ್ನು ಯಾರೂ ಕರೆದು ಕೊಡುವುದಿಲ್ಲ. ಮೂವರು ನಿದ್ದೆಯನ್ನೋ ಜಪವನ್ನೋ ನಟಿಸುತ್ತಿರುವಾಗ ಅವರೆದುರು ನಿಂತು, "ಜರಾ ಸರಕೂನ್ ಬಸಾ", ಕೊಂಚ ಸರಿದು ಕೂತುಕೊಳ್ಳಿ, ಎಂದು ಮರಾಠಿಯಲ್ಲಿ ಹೇಳಬೇಕು. ಬೇಡುವ ದನಿಯಲ್ಲಿ ಹೇಳಿದರೆ ಮೂವರಿಗೂ ಕಿವುಡು ಬರುತ್ತದೆ. ಜಗಳದ ದನಿಯಲ್ಲಿ ಹೇಳಿದರೆ ಥಾಣೆಯವರೆಗೂ ಜಗಳವೇ ಗತಿ. ಇವೆರಡರ ನಡುವೆ, ನೀವು ಸರಿಯುತ್ತೀರಿ ಎಂಬುದರಲ್ಲಿ ನನಗೆ ಸಂಶಯವೇ ಇಲ್ಲ ಎಂಬಂಥ ಒಂದು ದನಿಯಿದೆ. ಅದನ್ನು ನಾನು ಪ್ರತಿದಿನ ಬೆಳಿಗ್ಗೆ ಗಂಟಲಲ್ಲಿಟ್ಟುಕೊಂಡೇ ಮನೆಯಿಂದ ಹೊರಡುತ್ತಿದ್ದೆ. ಸೀಟು ಸಿಕ್ಕ ಮೇಲೆ ಮೈ ಮುದುಡಿ ಕೂತದ್ದನ್ನೇ ನನ್ನ ಸ್ವಭಾವ ಎಂದುಕೊಂಡು, ಸೀಟು ಕೇಳಿದವಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮನುಷ್ಯರು ತಮ್ಮ ಬಗ್ಗೆ ಎಷ್ಟು ಅರ್ಧಂಬರ್ಧ ತಿಳಿದುಕೊಂಡಿರುತ್ತಾರೆ ನೋಡಿ.

ಮರುದಿನ ಬೆಳಗಿನಿಂದ ಅಭ್ಯಾಸ ಶುರು. ತಂಗಿಯ ಅಂಗಳದ ನಟ್ಟನಡುವೆ ನಿಂತು, ಕೆಲಸಕ್ಕೆ ಹೊರಡುವ ಮುನ್ನ ಸಿಕ್ಕಿಬೀಳುತ್ತಿದ್ದ ಸುರೇಶನಿಗೆ ಆಜ್ಞೆಗಳ ಸುರಿಮಳೆ. ಹೋಟೆಲಿನಲ್ಲಿ ಅಡುಗೆಯವರನ್ನೆಲ್ಲ ನಡುಗಿಸುವ ಆ ಮಹಾನುಭಾವ ನನ್ನ ಮುಂದೆ ಒಂಟಿಕಾಲಿನಲ್ಲಿ ವೃಕ್ಷವಾಗಿ ಅಲ್ಲಾಡುತ್ತಿದ್ದ. 'ಸಾಧ್ಯವಾದರೆ' ಎಂಬ ಪದ ನನ್ನ ಬಾಯಿಂದ ಜಾರಿದಾಗಲೆಲ್ಲ ವಿನಯಾ ಕಿಟಕಿಯಿಂದ ಸೌಟಿನಲ್ಲಿ ತಟ್ಟೆ ಬಡಿಯುತ್ತಿದ್ದಳು. ಬೇಲಿಯಾಚೆಯ ಬಾಲಿ ಹೆಂಗಸರು ಹೂವಿನ ಬುಟ್ಟಿ ಕೆಳಗಿಟ್ಟು ಈ ದೃಶ್ಯವನ್ನು ಮನಸಾರೆ ನೋಡುತ್ತಿದ್ದರು. ನಾಚಿಕೆಯಾಗುತ್ತಿತ್ತು, ಆದರೂ ನಡುವಿನಿಂದ ಕದಲಬಾರದು ಎಂದು ಹಲ್ಲು ಕಚ್ಚಿ ನಿಂತೆ.

ಕೊನೆಯ ದಿನ ಮಂಟಪಕ್ಕೆ ಹೋದವಳು ನೇರ ಮಧ್ಯಕ್ಕೆ ನಡೆದೆ. ಚಾಪೆ ಹಿಡಿದು ಬಂದವರು ಕಳೆದ ಸಲದ ರೂಢಿಯಂತೆ ಪಾಪ, ಒಂದೇ ಬದಿಯಲ್ಲಿ ಒತ್ತಿ ಹಾಸತೊಡಗಿದ್ದರು. ಇಂಗ್ಲಿಷಿನಲ್ಲಿ ಏನು ಹೇಳಬೇಕೆಂದು ಪಾಠ ಮಾಡಿಕೊಂಡದ್ದೆಲ್ಲ ಆ ಕ್ಷಣಕ್ಕೆ ಮರೆತು, "ಸರಕಾ, ಸರಕಾ, ತಿಕಡೆ", ಸರಿಯಿರಿ, ಆ ಕಡೆಗೆ, ಎಂದು ನಮ್ಮ ಟ್ರೇನಿನ ಲೇಡೀಸ್ ಡಬ್ಬಿಯ ಶುದ್ಧ ಮರಾಠಿ ಹೊರಬಿತ್ತು. ಜರ್ಮನಿ ಸರಿಯಿತು, ಕೊರಿಯಾ ಸರಿಯಿತು, ಕೈ ತೋರಿಸಿದ ಕಡೆಗೆಲ್ಲ ಅಷ್ಟೂ ದೇಶಗಳು ಹರಡಿ ನಿಂತವು. ಆಮೇಲೆ ಭಾಷೆ ತಾನಾಗಿ ಇಂಗ್ಲಿಷಿಗೆ ತಿರುಗಿತು, ದನಿ ಮಾತ್ರ ಬದಲಾಗಲಿಲ್ಲ. ಆ ದನಿ ಇನ್ನೊಂದು ಉಪಕಾರವನ್ನೂ ಮಾಡಿತು: ಟ್ರೇನಿನಲ್ಲಿ ಯಾರಿಗೆ ಬೆನ್ನುನೋವು, ಯಾರು ಬಸುರಿ ಎಂದು ಒಂದು ನೋಟದಲ್ಲಿ ಅಳೆಯುವ ಕಣ್ಣೂ ಅದರ ಜೊತೆಗೇ ಬಂತು, ಯಾರನ್ನು ಎಷ್ಟು ಬಗ್ಗಿಸಬೇಕೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ಇಂಗ್ರಿಡ್ ಸರ್ಟಿಫಿಕೇಟ್ ಕೊಡುವಾಗ, ನಿನ್ನ ಸೊಂಟ ಇನ್ನೂ ವಾಲಿಯೇ ಇದೆ, ಅದಕ್ಕೆ ವರ್ಷ ಬೇಕು ಎಂದರು. ನನಗೆ ಆಗ ಸೊಂಟದ ಚಿಂತೆಯೇ ಇರಲಿಲ್ಲ.

ಊರಿಗೆ ಬಂದು ಕುಲಕರ್ಣಿ ಸಾಹೇಬರಿಗೆ ಸರ್ಟಿಫಿಕೇಟ್ ತೋರಿಸಿ, ಭಾನುವಾರ ಒಂಬತ್ತರಿಂದ ಹತ್ತರವರೆಗೆ ಹಾಲ್ ಪಡೆದೆ. ಕಮಲಕ್ಕನ ಹಳೆಯ ಶಿಷ್ಯೆಯರೆಲ್ಲ ಬಂದರು. ಯಾರೂ ಕರೆಯದಿದ್ದರೂ, ಬೆಣ್ಣೆ ತುಪ್ಪವಾಯಿತೋ ಇಲ್ಲವೋ ನೋಡೋಣ ಎಂದು ಅತ್ತೆಯವರೂ ಬಂದು ಮುಂದಿನ ಸಾಲಿನಲ್ಲೇ ಚಾಪೆ ಹಾಸಿದರು. ಹಾಲಿನ ತುಂಬ ಅಷ್ಟಷ್ಟು ದೂರಕ್ಕೆ ಎಲ್ಲರನ್ನೂ ನಿಲ್ಲಿಸಿದೆ. ಪಾಠ ಚೆನ್ನಾಗಿಯೇ ನಡೆದು, ಕೊನೆಗೆ ಎಲ್ಲರೂ ಶವಾಸನದಲ್ಲಿ ಕಣ್ಣುಮುಚ್ಚಿ ಮಲಗಿದ್ದಾಗ ಬಾಗಿಲು ಸದ್ದಾಯಿತು. ಕುಲಕರ್ಣಿ ಸಾಹೇಬರು, ಹಿಂದೆ ಪ್ಲಾಸ್ಟಿಕ್ ಕುರ್ಚಿಗಳ ಗೋಪುರ ಹೊತ್ತ ವಾಚ್‌ಮನ್. ಹತ್ತಕ್ಕೆ ಕಮಿಟಿ ಮೀಟಿಂಗ್ ಇದೆಯಂತೆ, ಕುರ್ಚಿ ಹಾಕಬೇಕಂತೆ. "ಮ್ಯಾಡಮ್, ಥೋಡಾ ಅಡ್ಜಸ್ಟ್ ಕರಾ, ಎಲ್ಲರೂ ಆ ಗೋಡೆಯ ಕಡೆ ಸರಿದುಬಿಡಿ" ಎಂದರು. ಕಮಲಕ್ಕನ ಕಾಲದಲ್ಲಿ ಕುರ್ಚಿ ಬಂದಾಗಲೆಲ್ಲ ನಾವು ಚಾಪೆ ಎಳೆದುಕೊಂಡು ಗೋಡೆಗೆ ಅಂಟುತ್ತಿದ್ದವರೇ. ಮಲಗಿದ್ದವರಲ್ಲಿ ಒಂದಿಬ್ಬರು ಆಗಲೇ ಕಣ್ಣು ಬಿಟ್ಟು ಚಾಪೆಯ ಅಂಚು ಹಿಡಿದಿದ್ದರು. ನನ್ನ ನಾಲಿಗೆಯ ತುದಿಗೂ 'ಹೋ, ಹೋ' ಎಂಬ ಒಪ್ಪಿಗೆ ಬಂದು ನಿಂತಿತ್ತು.

"ಹತ್ತಕ್ಕೆ ಮುಗಿಯುತ್ತದೆ ಸಾಹೇಬರೇ. ಅಲ್ಲಿಯವರೆಗೆ ಯಾರೂ ಸರಿಯುವುದಿಲ್ಲ" ಎಂದೆ. ಅವರು ಬರೀ ಐದು ನಿಮಿಷದ ಮಾತಲ್ಲವೇ ಎಂದರು. ಐದೇ ನಿಮಿಷವಾದರೆ ನೀವೂ ಮಲಗಬಹುದು, ಆ ಮೂಲೆಯಲ್ಲಿ ಒಂದು ಚಾಪೆಯ ಜಾಗ ಇದೆ ಎಂದು ಕೈ ತೋರಿಸಿದೆ. ವಾಚ್‌ಮನ್ ಕುರ್ಚಿಗಳ ಹಿಂದೆ ಮುಖ ಮರೆಸಿಕೊಂಡ. ಸಾಹೇಬರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಗೋಪುರದಿಂದ ಒಂದು ಕುರ್ಚಿ ಇಳಿಸಿಕೊಂಡು ಬಾಗಿಲಿನ ಹೊರಗೆ ಕೂತರು.

ಮುಂದಿನ ಸಾಲಿನಿಂದ, ಕಣ್ಣು ತೆರೆಯದೆಯೇ, ಅತ್ತೆಯವರ ದನಿ ಬಂತು: "ಕುರ್ಚಿ ಕಿರುಗುಟ್ಟಿಸಬೇಡಿ ಅಂತ ಹೇಳು ಅವರಿಗೆ. ನಮ್ಮ ಟೀಚರ್ ಪಾಠ ಮಾಡ್ತಾ ಇದ್ದಾರೆ."

ಅಂಚು ಹಿಡಿದಿದ್ದವರು ಕೈ ಬಿಟ್ಟು ಮತ್ತೆ ಮಲಗಿದರು. ನಾನು ಹಾಲಿನ ನಡುವೆ ಎರಡೂ ಕಾಲಿನ ಮೇಲೆ ನಿಂತು, ಉಸಿರಿನ ಕಡೆಗೆ ಗಮನವಿಡಿ ಎಂದು ಪಾಠ ಮುಂದುವರಿಸಿದೆ.