ಬಿಂಗ್‌ಶುಯಿಯ ಬಿಳಿ ಚಹಾ

ತಾಯ್‌ಮು ಬೆಟ್ಟದ ಮಗ್ಗುಲಿನ ಊರಿನಲ್ಲಿ ಜೋಂಗ್ ಬಿಂಗ್‌ಶುಯಿಗೆ ಹೊಟ್ಟೆಕಿಚ್ಚು ಹತ್ತಿದ್ದು ಹೆಂಡತಿಯ ಒಂದು ಮಾತಿನಿಂದ. ಮದುವೆಯಾದ ಹೊಸತರಲ್ಲಿ ಯೂಛಿನ್‌ಗೆ ಜ್ವರ ಬಂದಾಗ ಪಕ್ಕದ ಮನೆಯ ಲೇ ತೂಫಾ ತಾನೇ ಮೊಗ್ಗು ಬಾಡಿಸಿ ಒಣಗಿಸಿಟ್ಟಿದ್ದ ಹಳೆಯ ಬಿಳಿ ಚಹಾವನ್ನು ಅಟ್ಟದಿಂದ ಒಂದು ಹಿಡಿ ತಂದುಕೊಟ್ಟ. ಬಿಂಗ್‌ಶುಯಿ ಅದನ್ನು ಮಣ್ಣಿನ ಕುಡಿಕೆಯಲ್ಲಿ ಕುದಿಸಿ ಕುಡಿಸಿದ. ಬೆವರು ಬಿಟ್ಟು ಜ್ವರ ಇಳಿಯಿತು. ಯೂಛಿನ್ ಬಟ್ಟಲು ಕೆಳಗಿಟ್ಟು, "ತೂಫಾ ಅಣ್ಣನ ಕೈಗುಣವೇ ಬೇರೆ" ಅಂದಳು.

ಕುದಿಸಿದವನು ಇವನು, ಕೈಗುಣ ಅವನದು!

ಸಾಲದ್ದಕ್ಕೆ, ಮದುವೆಗೆ ಮುಂಚೆ ಅವಳೂ ತೂಫಾನೂ ಎದುರುಬದುರಿನ ಇಳಿಜಾರುಗಳಲ್ಲಿ ಚಹಾದ ಮೊಗ್ಗು ಬಿಡಿಸುತ್ತ ಸವಾಲು-ಜವಾಬಿನ ಹಾಡು ಹಾಡುತ್ತಿದ್ದರಂತೆ. ಆ ಊರಲ್ಲಿ ಹಾಡದವರು ಯಾರು? ಆದರೂ ತಾನು ಕೇಳಿಯೇ ಇರದ ಆ ಹಾಡು ಬಿಂಗ್‌ಶುಯಿಯ ಕಿವಿಯಲ್ಲಿ ವರ್ಷಗಟ್ಟಲೆ ಗುಂಯ್‌ಗುಟ್ಟಿತು.

ಪ್ರತಿ ವಸಂತದಲ್ಲೂ ಅವನು ತೂಫಾನಿಗಿಂತ ಮೊದಲೇ ತೋಟಕ್ಕೆ ಹೋಗಿ ಬೆಳ್ಳಿ ನವಿರಿನ ಮೊಗ್ಗುಗಳನ್ನೇ ಆರಿಸಿ ತರುತ್ತಿದ್ದ. ಬಿದಿರ ತಟ್ಟೆಗಳಲ್ಲಿ ಬಾಡಲು ಹರವಿ, ಗೋಡೆಯಾಚೆ ತೂಫಾನೂ ಅವನ ಹೆಂಡತಿಯೂ ಮೊಗ್ಗು ಹರವುವ ಅಂಗಳಕ್ಕೆ ಇಣುಕುತ್ತಿದ್ದ. ಅವನದು ಆಗಲೇ ಬಾಡಿತೇ? ಓಡಿ ಬಂದು ತನ್ನ ಮೊಗ್ಗನ್ನು ಕೆದಕುತ್ತಿದ್ದ, ಮಗುಚುತ್ತಿದ್ದ, ಮೂಸುತ್ತಿದ್ದ. ಕೊನೆಗೆ ಚಹಾ ಕೆಂಪೇರಿರುತ್ತಿತ್ತು. ಯೂಛಿನ್ ಕುಡಿದು "ಪರವಾಗಿಲ್ಲ" ಅನ್ನುತ್ತಿದ್ದಳು. ಆ ಪರವಾಗಿಲ್ಲ ಅವನ ಎದೆಗೆ ಮುಳ್ಳಿನಂತೆ ನಾಟುತ್ತಿತ್ತು.

ಒಂದು ವರ್ಷ ತಡೆಯಲಾರದೆ ತೂಫಾನ ಮನೆಗೇ ನುಗ್ಗಿದ. "ನಿನ್ನ ಚಹಾಕ್ಕೆ ಅದೇನು ಬೆರೆಸ್ತೀಯ, ಇವತ್ತು ಹೇಳಿಬಿಡು!"

"ಕೂತ್ಕೋ ತಮ್ಮಾ, ಮೊದ್ಲು ಕುಡಿ." ತೂಫಾ ಮುಚ್ಚಳದ ಬಟ್ಟಲಿಗೆ ಮೊಗ್ಗು ಹಾಕಿ, ಕುದಿ ತುಸು ಇಳಿದ ನೀರನ್ನು ಅಂಚಿನಗುಂಟ ಸಣ್ಣಗೆ ಹೊಯ್ದ.

ತಪ್ಪು ಹುಡುಕಲೆಂದೇ ಬಿಂಗ್‌ಶುಯಿ ಅದನ್ನು ಬಾಯಲ್ಲಿ ಹಿಡಿದಿಟ್ಟ. ಸಿಗಲಿಲ್ಲ. ಬಿಸಿಲಿಗೆ ಒಣಗಿದ ಹುಲ್ಲಿನಂಥ ಘಮ, ಗಂಟಲಲ್ಲಿ ತೆಳುವಾದ ಸಿಹಿ. ಅಳು ಬಂದ ಹಾಗಾಯಿತು.

"ಗೋಡೆ ಮೇಲಿಂದ ನಾನೂ ನೋಡ್ತೀನಪ್ಪ," ಅಂದ ತೂಫಾ. "ನಿನ್ನ ಕೈ ಸುಮ್ನಿರಲ್ಲ. ಕೆದಕಿದ್ರೆ ಮೊಗ್ಗು ನಲುಗುತ್ತೆ, ನಲುಗಿದ್ರೆ ಕೆಂಪಾಗುತ್ತೆ. ಬಡಗಣ ಒಣಗಾಳಿ ಬೀಸಿದಾಗ ಹರವು, ಆಮೇಲೆ ಮುಟ್ಟಬೇಡ."

"ಅಷ್ಟೇನಾ?"

"ನಿನಗೆ ಅದೇ ಕಷ್ಟ."

ಮರುವರ್ಷ ಬಡಗಣ ಗಾಳಿ ಬೀಸಿತು. ಮೊಗ್ಗು ಹರವಿದ ಬಿಂಗ್‌ಶುಯಿ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ. ಕೈ ತುರಿಸಿದಾಗಲೆಲ್ಲ ಎದ್ದು ಸೌದೆ ಒಡೆದ.

"ಏನ್ರೀ, ದೆವ್ವ ಹೊಕ್ಕಿದ್ಯಾ? ಇಷ್ಟು ಸೌದೆ ಯಾರಿಗೆ?" ಅಂದಳು ಯೂಛಿನ್.

ಬಾಡಿದ ಮೊಗ್ಗನ್ನು ಇದ್ದಿಲ ಹದವಾದ ಶಾಖದಲ್ಲಿ ಒಣಗಿಸಿ, ತೂಫಾನ ಹಾಗೆಯೇ ನೀರು ಹೊಯ್ದು, ಬಟ್ಟಲನ್ನು ಹೆಂಡತಿಯ ಮುಂದಿಟ್ಟ. ಒಂದು ಗುಟುಕು ಕುಡಿದು ಅವಳು ಕಣ್ಣು ಮುಚ್ಚಿದಳು. ಇವನ ಚಹಾಕ್ಕೆ ಅವಳು ಎಂದೂ ಕಣ್ಣು ಮುಚ್ಚಿರಲಿಲ್ಲ.

"ತೂಫಾ ಅಣ್ಣ ಕೊಟ್ರಾ?"

"ನಂದು ಕಣೇ! ವರ್ಷಗಟ್ಟಲೆ ಅವನ ತಟ್ಟೆ ಇಣುಕಿ ನೋಡಿ ನಾನೇ ಮಾಡಿದ್ದು! ಎಲ್ಲದಕ್ಕೂ ಅವನೇ ಬೇಕಾ ನಿನಗೆ?" ಬಿಂಗ್‌ಶುಯಿಯ ಕೂಗು ಗೋಡೆಯಾಚೆಗೂ ಕೇಳಿತು.

ಯೂಛಿನ್ ಬಾಯಿ ತೆರೆದು ಅವನನ್ನೇ ನೋಡಿದಳು. "ನೀವು ಗೋಡೆಯಾಚೆ ಇಣುಕ್ತಿದ್ದಿದ್ದು ಚಹಾ ನೋಡೋಕಾ? ಅವರ ಹೆಂಡ್ತಿನ ನೋಡೋಕೆ ಅಂತ ನಾನು ಇಷ್ಟು ವರ್ಷ ಒಳಗೊಳಗೇ ಬೇಯ್ತಿದ್ದೆನಲ್ರೀ!"

ಬಿಂಗ್‌ಶುಯಿ ಅವಳ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದ. ತನಗಾಗಿ ಒಬ್ಬಳು ಹೊಟ್ಟೆ ಉರಿಸಿಕೊಂಡಿದ್ದಳೆಂಬುದು ಅವನಿಗೆ ಚಹಾಕ್ಕಿಂತ ರುಚಿಯೆನಿಸಿತು. ಆದರೂ ತೂಫಾನನ್ನು ಮನೆಗೆ ಕರೆದು ಆ ಚಹಾ ಕುಡಿಸಲು ಅವನಿಗೆ ಇನ್ನೂ ಕೆಲವು ವಸಂತಗಳೇ ಬೇಕಾದವು.