ಹೊಸ ಕ್ಯಾಸೆಟ್ಟಿನ ಹಿತ್ತಾಳೆ ತಟ್ಟೆ

ಪಕ್ಕದ ಮನೆಯ ಆಂಥೋಣಿ ಅಣ್ಣನ ಬೆರಳುಗಳು ಸುಮ್ಮನಿದ್ದುದನ್ನು ನಾನು ನೋಡಿದ್ದೇ ಕಡಿಮೆ. ಆ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದಾಗಲೂ ಅವರು ಚಿನ್ನದ ಗಣಿ ಕಾರ್ಮಿಕರ ಊರಿಗಾಂ ಲೈನಿನ ನಮ್ಮ ಓಣಿಯಲ್ಲಿ ನಿಂತು ಕಾಫಿ ಲೋಟದ ಮೇಲೆ ಡ್ರಮ್ಮು ಬಾರಿಸುತ್ತಿದ್ದರು. ಬ್ರೆಡ್ಡಿನವನ ಸೈಕಲ್ಲು ಬೆನ್ನ ಹಿಂದೆಯೇ ಬೆಲ್ಲು ಹೊಡೆದೂ ಹೊಡೆದೂ ಕೊನೆಗೆ ಪಕ್ಕಕ್ಕೆ ಸರಿದು ಹೋಯಿತು. ಅಣ್ಣ ತಿರುಗಲಿಲ್ಲ.

ಗಣಿಯೊಳಕ್ಕೆ ಜನರನ್ನು ಇಳಿಸಿ ಏರಿಸುವ ಕೇಜಿನ ಯಂತ್ರ ನಡೆಸುವುದು ಅವರ ಕೆಲಸ. ಆಳದಿಂದ ಬರುವ ಗಂಟೆ ಇಷ್ಟು ಸಲ ಬಡಿದರೆ ಏರಿಸು, ಇಷ್ಟು ಸಲ ಬಡಿದರೆ ನಿಲ್ಲಿಸು. ನಮ್ಮ ಮನೆಯವರೂ ಆ ಕೇಜಿನಲ್ಲೇ ಇಳಿಯುವವರು.

ಕೆಲಸ ಬಿಟ್ಟರೆ ಅಣ್ಣನಿಗಿದ್ದದ್ದು ವಿಲಾಯಿತಿಯ ಒಂದು ಹೆವಿ ಮೆಟಲ್ ಹಾಡುಗುಂಪು. ಅದರ ಈಚಿನ ಆಲ್ಬಮ್ಮುಗಳನ್ನು ಅವರು ಸೊಸೆಯರನ್ನು ದೂರುವ ಅತ್ತೆಯ ಹಾಗೆ ದೂರುತ್ತಿದ್ದರು. "ಹಾಡೋನು ಬದಲಾದ್ಮೇಲೆ ಬಂದಿದ್ದು ಭಟ್ಟ ಓಡೋದ ಮೆಸ್ಸು, ತಂಗಚ್ಚಿ. ಅದರ ಮುಂದಿಂದು, ಕೀಬೋರ್ಡ್ ಸುರಿದು ಪಾಯಸ ಮಾಡವ್ರೆ." ಹಳೇ ಹಾಡುಗಾರ ಮರಳಿದ ಹೊಸ ಕ್ಯಾಸೆಟ್ಟಿಗಾಗಿ ಬಂಗಾರಪೇಟೆ ಸ್ಟೇಷನ್ನಿಗೆ ಅಲೆದೂ ಅಲೆದೂ, ಬೆಂಗಳೂರು ರೈಲಿನ ಗೆಳೆಯನ ಕೈಯಿಂದ ಹಿಂದಿನ ಸಂಜೆ ತಂದಿದ್ದರು.

"ಬಾ, ಕೇಳು. ಗಂಟಲು ಸರಿ, ಗಿಟಾರೂ ಪರವಾಗಿಲ್ಲ. ಡ್ರಮ್ಮಿನ ಹಿತ್ತಾಳೆ ತಟ್ಟೆ ಎಲ್ಲಿ? ಮುದುಕ್ರಾಗೋದ್ರು ಪಾಪ."

ತಮ್ಮ ಮೆಟ್ಟಿಲ ಮೇಲಿದ್ದ ಟೇಪ್ ರೆಕಾರ್ಡರನ್ನು ಎಂದಿನಂತೆ ಓಣಿಗೆಲ್ಲ ಕೇಳುವಷ್ಟು ಜೋರಾಗಿ ಹಾಕಿದರು. ತಟ್ಟೆ ಇತ್ತು. ಸಾಲುಸಾಲಿಗೂ ಒಗ್ಗರಣೆ ಸಿಡಿದ ಹಾಗೆ ಛಿಲ್ಲೆನ್ನುತ್ತಿತ್ತು. "ಇದೆಯಲ್ಲ ಅಣ್ಣ" ಎಂದೆ.

"ಕಾನ್ವೆಂಟ್ ಕಿವೀಗೆ ಎಲ್ಲಾ ಪ್ರೇಯರ್ ಬೆಲ್ಲೇ!" ನಕ್ಕು ಹಳೆಯ ಕ್ಯಾಸೆಟ್ಟು ಹಾಕಿದರು. "ಇದ್ರಾಗೆ ಕೇಳು, ಎಂಗೈತೆ!"

ವರ್ಷಾನುಗಟ್ಟಲೆ ತಿರುಗಿ ಸವೆದ ಟೇಪು ಅದು. ಕಂಬಳಿ ಹೊದ್ದಂಥ ಸದ್ದು. ತಟ್ಟೆಯ ದನಿ ಅಳಿಸಿಯೇ ಹೋಗಿತ್ತು. ಆದರೂ ಅಣ್ಣನ ಬೆರಳು ಒಂದೊಂದು ಏಟಿಗೂ ಜಾಗ ತಪ್ಪದೆ ಬೀಳುತ್ತಿತ್ತು. ಅವರು ಕೇಳುತ್ತಿದ್ದದ್ದು ನೆನಪನ್ನು.

ಒಲೆಯ ಮೇಲಿನ ಹಾಲು ನೆನಪಾಯಿತು, ಏಳಲಾಗಲಿಲ್ಲ. ರಂಗೋಲಿ ಪುಡಿಯ ಕೈಯನ್ನು ಸೆರಗಿಗೆ ಒರೆಸಿದೆ, ಮತ್ತೆ ಒರೆಸಿದೆ. ಕೊನೆಗೆ ಟೇಪು ನಿಲ್ಲಿಸಿ, ಅವರ ಮುಖದೆದುರು ಕೂತು ಕೇಳಿದೆ.

"ಅಣ್ಣ, ಕೆಳಗಿಂದ ಬರೋ ಗಂಟೆ ಕೇಳಿಸುತ್ತಾ?"

ಬೆರಳು ನಿಂತಿತು.

"ಅದು ಜೋರಾಗಿರ್ತದೆ" ಅಂದರು. ಲೋಟ ಎತ್ತಿದರು, ಕುಡಿಯದೆ ಇಟ್ಟರು. "ಈಚೀಚೆಗೆ ಮಿಷನ್ ಪಕ್ಕದಲ್ಲಿರೋನ ಮುಖ ನೋಡ್ಕೊಂಡೇ ಕೈ ಆಡಿಸ್ತಾ ಇವ್ನಿ, ತಂಗಚ್ಚಿ. ಮಿಷನ್ ಬಿಟ್ರೆ ನಾನ್ಯಾರು?"

 ಮಧ್ಯಾಹ್ನ ಶಿಫ್ಟಿಗೆ ಹೊರಟಾಗ ಅಣ್ಣ ಊಟದ ಡಬ್ಬಿ ಒಯ್ಯಲಿಲ್ಲ. ನಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತರು. "ನಿಮ್ಮನೆಯವರಿಗೆ ಹೇಳು, ಇವತ್ತಿಂದ ಮಿಷನ್ ಮೇಲೆ ಬೇರೆಯೋನು. ನಾನೇ ಓಗಿ ಸಾಹೇಬ್ರಿಗೆ ಹೇಳ್ಬಿಟ್ಟು ಬತ್ತೀನಿ."

ಅಡುಗೆಮನೆಗೂ ಬಾಗಿಲಿಗೂ ಎಷ್ಟು ಸಲ ತಿರುಗಿದೆನೋ. ಹೊತ್ತು ಇಳಿಯುವ ಮೊದಲೇ ಅಣ್ಣ ಹಿಂತಿರುಗಿ ತಮ್ಮ ಮೆಟ್ಟಿಲ ಮೇಲೆ ಕೂತರು. ಹೊಸ ಕ್ಯಾಸೆಟ್ಟು ಮಡಿಲಲ್ಲಿತ್ತು, ಅದರ ಮೇಲೆ ಎರಡೂ ಕೈ.

ಸಂಜೆ ಹಾಲು ತಂದ ಮುನಿಯಕ್ಕ ಪಾತ್ರೆಗೆ ಸುರಿಯುತ್ತಾ ಆ ಕಡೆ ಕಣ್ಣು ಹಾಯಿಸಿದಳು. "ಏನಮ್ಮಾ, ಅವರ ಟೇಪು ಕೆಟ್ಟೋಯ್ತಾ? ನಮ್ಮ ಎಮ್ಮೆ ಇವತ್ತು ಎಷ್ಟು ನೆಮ್ಮದಿಯಾಗಿ ಆಲು ಕೊಡ್ತು ಅಂತೀಯ!"